ಹೆಸರಿಲ್ಲದ ಹಳೇ ಗಿಟಾರ್ ಇದೆಯಾ? ಮಂಡಿ ಮೊಹಲ್ಲಾದ ಈ ಅಂಗಡಿಗೆ ಹೋಗಿ

ಮೈಸೂರಿನಲ್ಲಿ ಗಿಟಾರ್ ಮಾರುವ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಒಂದು ಹಳೇ ಗಿಟಾರ್ ಮುಂದಿಟ್ಟು ಇದು ಯಾವುದು ಅಂತ ಕೇಳಿದರೆ ಕೂತು ನೋಡುವವರು ಬಹಳ ಕಡಿಮೆ. ಮಂಡಿ ಮೊಹಲ್ಲಾದ ಒಂದು ಗಲ್ಲಿಯೊಳಗಿರುವ ಈ ರಿಪೇರಿ ಅಂಗಡಿಗೆ ಬೋರ್ಡ್ ಕೂಡ ಇಲ್ಲ. ವೀಣೆ, ಹಾರ್ಮೋನಿಯಂ ರಿಪೇರಿ ಎಲ್ಲಿ ಮಾಡುತ್ತಾರೆ ಅಂತ ಕೇಳಿ, ಅಕ್ಕಪಕ್ಕದವರೇ ತೋರಿಸುತ್ತಾರೆ.

ನಾನು ಒಯ್ದದ್ದು ಮಂಡ್ಯದ ಕಡೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರೊಬ್ಬರ ಮನೆಯಿಂದ ಕೊಂಡ ಎಲೆಕ್ಟ್ರಿಕ್ ಗಿಟಾರ್. ನಾಲ್ಕು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಒಂದೊಂದಕ್ಕೂ ಒಂದು ಬಿಳೀ ಸ್ವಿಚ್, ಮೈ ಮೇಲೆ ಗೆರೆ ಗೆರೆಯ ಅಲ್ಯೂಮಿನಿಯಂ ತಗಡು, ಅಂದರೆ ಪಿಕ್‌ಗಾರ್ಡ್, ತಲೆಯ ಒಂದು ಪಕ್ಕ ನಾಲ್ಕು ಬಿರಡೆ, ಇನ್ನೊಂದು ಪಕ್ಕ ಎರಡೇ. ಹೆಸರಿರಬೇಕಾದ ಕಡೆ ಎರಡು ಮೊಳೆ ತೂತು. ಮನೆಯವರು ಅಮೆರಿಕದ ಗಿಬ್ಸನ್ ಕಂಪನಿಯದು ಅಂತ ಹೇಳಿಯೇ ಕೊಟ್ಟರು. ನಮ್ಮ ಕಡೆ ಹಳೇ ಗಿಟಾರ್ ಅಂದರೆ ಒಂದೋ ಗಿಬ್ಸನ್, ಇಲ್ಲ ಫೆಂಡರ್, ಅಲ್ವಾ? ಕೋಲ್ಕತ್ತಾದ ಗಿವ್ಸನ್ ಗಿಟಾರನ್ನೂ ಗಿಬ್ಸನ್ ಅಂತಲೇ ಕರೆಯುವವರಿದ್ದಾರೆ. ಊರಿನ ಇನ್ನೊಂದು ದೊಡ್ಡ ಅಂಗಡಿಯಲ್ಲಿ ತೋರಿಸಿದಾಗ, ಕೈಗೂ ತೆಗೆದುಕೊಳ್ಳದೆ, ‘ಲೋಕಲ್ ಮಾಲು, ಪಿಕಪ್ ಕಿತ್ತು ಹೊಸದು ಹಾಕಿಸಿ’ ಅಂದು ಕಳಿಸಿಬಿಟ್ಟಿದ್ದರು.

ಇಲ್ಲಿನ ಯಜಮಾನರು ಮೊದಲು ತಂತಿ ಸಡಿಲ ಮಾಡಿದರು. ಕುತ್ತಿಗೆ ಸೇರುವ ಕಡೆ ಹಿಂದಿರುವ ಲೋಹದ ತಗಡನ್ನು ಬಟ್ಟೆಯಿಂದ ಒರೆಸಿದಾಗ ‘ಮೇಡ್ ಇನ್ ಜಪಾನ್’, ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಅನ್ನುವ ಅಕ್ಷರ ಕಂಡವು. ಅಲ್ಲಿಗೆ ಗಿಬ್ಸನ್ ಕತೆ ಮುಗಿಯಿತು. ಆದರೂ ಅವರು ನಿಲ್ಲಿಸಲಿಲ್ಲ, ಪಿಕ್‌ಗಾರ್ಡ್ ಬಿಚ್ಚಿ, ದನಿ ಏರಿಸಿ ಇಳಿಸುವ ಗುಂಡಿಯ ಕೆಳಗಿರುವ ವಾಲ್ಯೂಮ್ ಪಾಟ್‌ಗಳ ಬೆನ್ನು ನೋಡಿದರು. ಅಮೆರಿಕದ ಗಿಟಾರಾಗಿದ್ದರೆ ಅಲ್ಲಿ ಒಂದು ಸಂಖ್ಯೆ ಸಿಗುವ ಸಾಧ್ಯತೆ ಇರುತ್ತದೆ. 137 ಅಂತ ಶುರುವಾದರೆ ಅದು ಸಿಟಿಎಸ್ ಕಂಪನಿಯ ಪಾಟ್, ಮುಂದೆ 6625 ಅಂತಿದ್ದರೆ 1966ರ 25ನೇ ವಾರದಲ್ಲಿ ಮಾಡಿದ್ದು. ಅದೂ ಪಾಟ್ ತಯಾರಾದ ವಾರ, ಗಿಟಾರ್ ತಯಾರಾದ ವಾರವಲ್ಲ. ನಮ್ಮದರಲ್ಲಿ ಅಂಥ ಸಂಖ್ಯೆ ಇರಲಿಲ್ಲ.

ಅವರ ತೀರ್ಮಾನ: ಇದು ಟೀಸ್ಕೋ ಮನೆತನದ್ದು. ಟೀಸ್ಕೋ ನಲವತ್ತರ ದಶಕದಲ್ಲಿ ಜಪಾನಿನಲ್ಲಿ ಶುರುವಾದ ಕಂಪನಿ. ಅರವತ್ತರ ದಶಕದಲ್ಲಿ ಅಮೆರಿಕಕ್ಕೆ ಅಗ್ಗದ ಗಿಟಾರ್‌ಗಳನ್ನು ರಾಶಿ ರಾಶಿ ಕಳಿಸಿತು, ಅಲ್ಲಿ ಅವು ಟೀಸ್ಕೋ ಡೆಲ್ ರೇ ಅನ್ನುವ ಹೆಸರಲ್ಲಿ ಮಾರಾಟವಾದವು. 1967ರಲ್ಲಿ ಕವಾಯ್ ಕಂಪನಿ ಇದನ್ನು ಕೊಂಡುಕೊಂಡಿತು. ಅಮೆರಿಕದ ಹೆಸರಾಂತ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲೆನ್ ಕೈಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ಟೀಸ್ಕೋ ಡೆಲ್ ರೇ ಆಗಿತ್ತು. ಇದನ್ನು ಕೇಳಿ ನಾನು ಹಿಗ್ಗಿದೆ, ಯಜಮಾನರು ಮಾತ್ರ ಸುಮ್ನೆ ಸ್ಕ್ರೂ ಎಣಿಸಿ ಡಬ್ಬಿಗೆ ಹಾಕುತ್ತಿದ್ದರು.

ಸರಿ, ಮಾಡೆಲ್ ಯಾವುದು ಅಂತ ಕೇಳಿದೆ. ಟೀಸ್ಕೋ ಮಾಡೆಲ್ ಹೆಸರುಗಳಲ್ಲಿ ಇಟಿ-200 ಅಂದರೆ ಎರಡು ಪಿಕಪ್, ಇಟಿ-440 ಅಂದರೆ ನಾಲ್ಕು, ಹಾಗಾದರೆ ಇದು ಇಟಿ-440 ಅಂತ ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ. ‘ನಾಲ್ಕು ಪಿಕಪ್ ಇಟ್ಟುಕೊಂಡು ಬಂದವು ಬೇರೆಯೂ ಇವೆ ಕಣಪ್ಪಾ. ಬ್ಯಾಡ್ಜ್ ಇಲ್ಲ, ನಂಬರ್ ಇಲ್ಲ. ನಾನು ಹೆಸರಿಟ್ಟರೆ ನಾಳೆ ನೀನು ಅದನ್ನೇ ಹೇಳಿ ಮಾರ್ತೀಯ’ ಅಂದರು. ಆಗಿನ ಜಪಾನ್ ಕಾರ್ಖಾನೆಗಳು ಒಂದೇ ಗಿಟಾರಿಗೆ ಕೊಳ್ಳುವವರು ಕೇಳಿದ ಹೆಸರು ಅಂಟಿಸಿ ಕಳಿಸುತ್ತಿದ್ದವು. ಸಿಯರ್ಸ್ ಅಂಗಡಿಗೆ ಸಿಲ್ವರ್‌ಟೋನ್, ಇನ್ನೊಬ್ಬ ಆಮದುದಾರನಿಗೆ ಕಿಂಗ್‌ಸ್ಟನ್. ಹಾಗಾಗಿ ಬ್ಯಾಡ್ಜ್ ಇದ್ದಿದ್ದರೂ ಅದನ್ನೊಂದನ್ನೇ ನಂಬುವ ಹಾಗಿರಲಿಲ್ಲ. ಕೊನೆಗೆ ಚೀಟಿಯಲ್ಲಿ ಬರೆದದ್ದು ಇಷ್ಟೇ: ಜಪಾನ್, ಅರವತ್ತರ ದಶಕದ ಎರಡನೇ ಭಾಗ, ಟೀಸ್ಕೋ ಮಾದರಿ, ಬಿರಡೆ ಮೂಲದ್ದು, ಕುದುರೆ (ತಂತಿ ಹೊರುವ ಸೇತುವೆ) ಬದಲಾಗಿದೆ. ಗ್ರಾಹಕ ಖುಷಿಯಾಗಲಿ ಅಂತ ಒಂದು ನಂಬರ್ ಹೇಳಿಬಿಡುವುದು ಎಷ್ಟು ಸುಲಭ! ಹೇಳದೆ ಇದ್ದಾರಲ್ಲ, ನಾನು ಈ ಅಂಗಡಿಯನ್ನು ಹೊಗಳುತ್ತಿರುವುದೇ ಅದಕ್ಕೆ.

ಮರದ ವಿಷಯದಲ್ಲೂ ಹಾಗೇ. ಅವರ ಮನೆಯವರು ಮೊದಲು ಬೀಟೆ ಮರದ ಮೇಲೆ ಇನ್‌ಲೇ ಕೆಲಸ ಮಾಡುತ್ತಿದ್ದರಂತೆ, ಮೈಸೂರಿಗೆ ಹೆಸರು ತಂದ ಕೆಲಸ ಅದು. ಫಿಂಗರ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ) ಬೀಟೆಯೇ ಅಂದರು, ಯಾವ ದೇಶದ್ದು ಅಂತ ಕಣ್ಣಿಂದ ಹೇಳಲ್ಲ ಅಂದರು. ಬ್ರೆಜಿಲ್ ಬೀಟೆ ಅಂತ ಹೇಳಿ ಬೆಲೆ ಏರಿಸುವವರು ಇದನ್ನು ಓದಬೇಕು. 1992ರಿಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಇದೆ.

ಈಗ ರಿಪೇರಿ. ಪಾಟ್‌ಗಳ ಕರಕರ ಹೋಗಿದೆ, ಸತ್ತಿದ್ದ ಎರಡನೇ ಪಿಕಪ್‌ಗೆ ಹೊಸ ಬೆಸುಗೆ ಬಿದ್ದು ಜೀವ ಬಂದಿದೆ. ಪಿಕಪ್ ಕೀಳಲೇಬಾರದು ಅಂದರು. ಟೀಸ್ಕೋದ ಚಿನ್ನದ ಹಾಳೆಯಂಥ ಮುಚ್ಚಳದ ಪಿಕಪ್‌ಗಳನ್ನು ಈಗ ಹುಡುಕಿಕೊಂಡು ಕೊಳ್ಳುತ್ತಾರೆ, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್‌ಗೆ ಅಂಥದ್ದನ್ನೇ ಹಾಕಿಸಿಕೊಂಡಿದ್ದರು. ನಮ್ಮದು ಆ ಜಾತಿಯದಲ್ಲ, ಆದರೂ ದನಿ ಒರಟಾಗಿ, ಎದುರಿಗೇ ನಿಂತು ಮಾತಾಡಿದ ಹಾಗಿದೆ. ಡಿಸ್ಟಾರ್ಷನ್ ಜಾಸ್ತಿ ಮಾಡಿದರೆ ಕೀಂ ಅನ್ನುತ್ತದೆ. ಹೆವಿ ಮೆಟಲ್ ಸಂಗೀತ ನುಡಿಸುವವರಿಗೆ ಆಗುವುದಿಲ್ಲ, ತಂತಿ ಮೇಲೆ ಕೊಳವೆ ಜಾರಿಸಿ ಸ್ಲೈಡ್ ನುಡಿಸುವವರು ಬಿಡುವುದಿಲ್ಲ.

ಬೈಯುವುದಕ್ಕೂ ಇದೆ. ಫ್ರೆಟ್ (ಬೆರಳ ಪಟ್ಟಿಯ ಮೇಲಿನ ಲೋಹದ ಅಡ್ಡಗೆರೆ) ಕೆಲಸ ನನಗೆ ಸಮಾಧಾನವಿಲ್ಲ, ಹನ್ನೆರಡನೇ ಫ್ರೆಟ್ ದಾಟಿದರೆ ಸಣ್ಣ ತಂತಿ ಇನ್ನೂ ಗರಗರ ಅನ್ನುತ್ತದೆ. ದನಿ ಬಾಗಿಸುವ ಟ್ರೆಮೊಲೊ ಕೈಗೆ ಸ್ಪ್ರಿಂಗ್ ಹುಡುಕಿಕೊಡುತ್ತೇನೆ ಅಂದವರು ಕೊನೆಗೆ ನೀವೇ ಎಲ್ಲಾದರೂ ತರಿಸಿ ಅಂದರು. ಫೋನ್ ಎತ್ತುವುದೇ ಇಲ್ಲ. ದಸರಾ ಹತ್ತಿರ ಬಂದರೆ ವೀಣೆ, ಹಾರ್ಮೋನಿಯಂಗಳೇ ಮೊದಲು, ನಿಮ್ಮ ಗಿಟಾರ್ ಮೂಲೆಯಲ್ಲಿ ಕಾಯಬೇಕು.

ಬಿಚ್ಚಿ ನೋಡಿ ಹೇಳುವುದಕ್ಕೆ 500 ರೂಪಾಯಿ, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲೇ ವಜಾ. ನನಗೆ ಎಲ್ಲಾ ಸೇರಿ 2,800 ಆಯಿತು. ಹನ್ನೊಂದು ಗಂಟೆಗೆ ಮುಂಚೆ ಬಾಗಿಲು ತೆಗೆಯುವುದಿಲ್ಲ, ಭಾನುವಾರ ರಜ. ಕ್ಯಾಶ್ ತಗೊಂಡು ಹೋಗಿ, ಯುಪಿಐ ಇಲ್ಲ. ಮತ್ತೆ ದಯವಿಟ್ಟು, ಒಯ್ಯುವ ಮೊದಲು ಮನೆಯಲ್ಲಿ ಪಾಲಿಶ್ ಹಚ್ಚಿ ಉಜ್ಜಬೇಡಿ, ಅದಕ್ಕೆ ಬೈಸಿಕೊಳ್ಳುತ್ತೀರಿ.