ಅಂಗನವಾಡಿಯೋ, ಸರ್ಕಾರಿ ಎಲ್‌ಕೆಜಿಯೋ? ಇಬ್ಬರು ಮಕ್ಕಳನ್ನು ಕಳಿಸಿ ನೋಡಿದ ಮೇಲೆ

ನಾವಿರುವುದು ಮೈಸೂರು ಜಿಲ್ಲೆಯ ಒಂದು ಹಳ್ಳಿ. ದೊಡ್ಡ ಮಗಳು ಒಂದನೇ ತರಗತಿಗೆ ಸೇರುವವರೆಗೂ ಊರಿನ ಅಂಗನವಾಡಿಯಲ್ಲೇ ಇದ್ದಳು. ಮಗನಿಗೆ ನಾಲ್ಕು ತುಂಬಿದ ಮೇಲೆ ಹೋಬಳಿ ಕೇಂದ್ರದ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಹಾಕಿದೆವು. ಈಗ ಅವನ ಯುಕೆಜಿಯೂ ಮುಗಿದಿದೆ. ಎರಡೂ ಸರ್ಕಾರದ್ದೇ. ಆದರೆ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ಎಲ್‌ಕೆಜಿ ಶಿಕ್ಷಣ ಇಲಾಖೆಯದ್ದು. ಮಗು ಅಲ್ಲಿ ಕಳೆಯುವ ದಿನವೇ ಇದರಿಂದ ಬೇರೆಯಾಗುತ್ತದೆ.

ಅಂಗನವಾಡಿಯಲ್ಲಿ ಮೊದಲು ನೋಡುವುದು ಮಗುವಿನ ಮೈ, ಆಮೇಲೆ ಪಾಠ. ಬಿಸಿ ಊಟ ಇದೆ, ವಾರದಲ್ಲಿ ಎರಡು ದಿನ ಮೊಟ್ಟೆ ಇದೆ, 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ಹಾಲೂ ಇದೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದುಕೊಳ್ಳುತ್ತಾರೆ. ಒಮ್ಮೆ ಮಗಳಿಗೆ ಜ್ವರ ಬಂದು ಹೋದ ಮೇಲೆ ತೂಕ ಏರಲೇ ಇಲ್ಲ. ಅದನ್ನು ಗಮನಿಸಿದ್ದು ನಾವಲ್ಲ, ಟೀಚರ್. ಸಂಜೆ ಮನೆಗೆ ಬಂದು, ‘ನಾಳೆನೇ ಆಸ್ಪತ್ರೆಗೆ ತೋರಿಸಿ ಅಕ್ಕಾ’ ಅಂದರು. ಈ ಕಾಳಜಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆ ರಾಜ್ಯದಲ್ಲಿ ಮೊದಲು 1975ರಲ್ಲಿ ನಮ್ಮ ಜಿಲ್ಲೆಯ ಟಿ. ನರಸೀಪುರದಲ್ಲೇ ಶುರುವಾಗಿದ್ದು. ಇಷ್ಟು ವರ್ಷಗಳ ಪಳಗಿದ ಕೈ ಇಲ್ಲಿ ಕಾಣುತ್ತದೆ.

ಪಾಠದ ವಿಷಯದಲ್ಲಿ ಊರಿನವರ ಮಾತು ಒಂದೇ: ‘ಅಲ್ಲಿ ಏನೂ ಕಲಿಸಲ್ಲ.’ ನಾನು ಒಪ್ಪುವುದಿಲ್ಲ. ಅಂಗನವಾಡಿಯ ‘ಚಿಲಿಪಿಲಿ’ ಪಠ್ಯದಲ್ಲಿ ಹಾಡು, ಕಥೆ, ಬಣ್ಣ, ಎಣಿಕೆ ಎಲ್ಲವೂ ಇವೆ. ಮಗಳು ಅ ಆ ಇ ಈ ಬರೆಯುವ ಮೊದಲೇ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು. ಮಗ ಎಲ್‌ಕೆಜಿಗೆ ಹೋದ ಕೆಲವೇ ವಾರಗಳಲ್ಲಿ ಎಬಿಸಿಡಿ ಕಾಪಿ ಬರೆಯತೊಡಗಿದ. ನಾಲ್ಕು ವರ್ಷದ ಮಗುವಿಗೆ ಪುಟಗಟ್ಟಲೆ ಹೋಂವರ್ಕ್ ಯಾಕೆ ಬೇಕು? ರಾತ್ರಿ ಪೆನ್ಸಿಲ್ ಹಿಡಿದೇ ತೂಕಡಿಸುತ್ತಿದ್ದ. ಕೇಳಿದರೆ, ‘ಪೋಷಕರೇ ಬರೆಸಿ ಅಂತಾರೆ’ ಎಂಬ ಉತ್ತರ ಬಂತು. ಅದೂ ನಿಜ.

ಆದರೆ ಶಾಲೆಯ ಕಟ್ಟಡ, ಮೈದಾನ, ನೀರು ಬರುವ ಶೌಚಾಲಯ ಇವೆಲ್ಲ ಅಂಗನವಾಡಿಗಿಂತ ತುಂಬಾ ಚೆನ್ನಾಗಿವೆ. ಇಂಗ್ಲಿಷ್ ಪದಗಳಿಗೂ ಮಗ ಬೇಗ ಹೊಂದಿಕೊಂಡ. ದೊಡ್ಡ ಮಕ್ಕಳನ್ನು ನೋಡಿ ಶಾಲೆಯ ಭಯ ಹೋಯಿತು. ತೊಂದರೆಯಾಗಿದ್ದು ಟೀಚರ್ ವಿಷಯದಲ್ಲಿ. ಗೌರವಧನದ ಮೇಲೆ ಬರುವವರು ವರ್ಷದ ನಡುವೆಯೇ ಬಿಟ್ಟು ಹೋದರು. ಹೊಸಬರು ಬರುವವರೆಗೆ ಮಕ್ಕಳನ್ನು ಒಂದನೇ ತರಗತಿಯಲ್ಲಿ ಸುಮ್ನೆ ಕೂರಿಸಿದರು. ಆಟೋ ಖರ್ಚು ಬೇರೆ.

ಅಂಗನವಾಡಿಯ ದೊಡ್ಡ ಕೊರತೆ ಟೀಚರ್ ಸಮಯ. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬಬೇಕು, ಲಸಿಕೆ ದಿನ ಮನೆಮನೆಗೆ ಹೋಗಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಅವರದ್ದೇ. ಅಂಥ ದಿನ ಸಹಾಯಕಿ ಒಬ್ಬರೇ ಅಡುಗೆ ಮಾಡಿ, ಮಕ್ಕಳನ್ನೂ ನೋಡಬೇಕು. ಹಾಡು ಕಥೆಗೆಲ್ಲ ಅವತ್ತು ರಜೆ. ಇದನ್ನು ಟೀಚರ್ ತಪ್ಪು ಅನ್ನುವುದು ಅನ್ಯಾಯ.

ಕೇಳಿದವರಿಗೆಲ್ಲ ನಾನು ಹೇಳುವುದು: ಐದು ವರ್ಷದವರೆಗೆ ಅಂಗನವಾಡಿಗೇ ಕಳಿಸಿ. ಶಾಲೆ ಹತ್ತಿರ ಇದ್ದರೆ ಯುಕೆಜಿ ಒಂದು ವರ್ಷ ಅಲ್ಲಿ ಸಾಕು. ಸೇರಿಸುವ ಮೊದಲು ಬೆಳಗ್ಗೆ ಹನ್ನೊಂದು ಗಂಟೆಗೆ, ಹೇಳದೆ ಹೋಗಿ ನೋಡಿ. ಟೀಚರ್ ಮಕ್ಕಳ ಜೊತೆ ಇದ್ದಾರಾ, ಹೋದ ವರ್ಷ ಇದ್ದವರೇ ಈ ವರ್ಷವೂ ಇದ್ದಾರಾ ಎಂದು ವಿಚಾರಿಸಿ. ಅಂಗನವಾಡಿಯಾದರೆ ಅದನ್ನು ನೋಡಿಕೊಳ್ಳುವ ಊರಿನವರ ಬಾಲವಿಕಾಸ ಸಮಿತಿಯ ಸಭೆಗೂ ಹೋಗಿ. ನಮ್ಮೂರಲ್ಲಿ ನಾಲ್ಕೈದು ತಾಯಂದಿರು ಸಭೆಗೆ ಹೋಗಿ ಪಟ್ಟು ಹಿಡಿದ ಮೇಲೆಯೇ ಶೌಚಾಲಯಕ್ಕೆ ನಲ್ಲಿ ಬಂದಿದ್ದು.