ಹಳೇ ಮೈಕ್ರೋವೇವ್ ಕೌಂಟರ್ ಕೊಳ್ಳುವ ಮುಂಚೆ 10 ಗಿಗಾಹರ್ಟ್ಜ್ ಓದಿಸಿ ನೋಡಿ

ಮೈಸೂರು, ಮಂಡ್ಯ ಕಡೆ ಮನೆಯಲ್ಲೇ ಲ್ಯಾಬ್ ಮಾಡಿಕೊಂಡಿರುವ ಗೆಳೆಯರೇ, ಸೆಕೆಂಡ್‌ಹ್ಯಾಂಡ್ ಮೈಕ್ರೋವೇವ್ ಫ್ರೀಕ್ವೆನ್ಸಿ ಕೌಂಟರ್ (ರೇಡಿಯೋ ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಎಣಿಸುವ ಉಪಕರಣ) ಮಾರುವವರು ತೋರಿಸುವ ಡೆಮೊ ನಂಬಿ ದುಡ್ಡು ಕೊಡಬೇಡಿ. ನನಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ನಾನು ತಗೊಂಡಿದ್ದು ಎಚ್‌ಪಿ 5342ಎ. 1970ರ ದಶಕದ ಕೊನೆಯ ಮಾಡೆಲ್, 18 ಗಿಗಾಹರ್ಟ್ಜ್‌ವರೆಗೆ ಅಳೆಯುತ್ತದೆ. ಒಳ್ಳೆಯ ಉಪಕರಣ, ಅದರ ಬಗ್ಗೆ ದೂರಿಲ್ಲ. ವ್ಯಾಪಾರಿ ಕುವೆಂಪುನಗರದ ನಮ್ಮ ಮನೆಗೇ ತಂದು, ಆನ್ ಮಾಡಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಚೆಕ್ ಒತ್ತಿ ತೋರಿಸಿದರು. ಅಂಕಿ ಸರಿಯಾಗಿ ಬಂತು. 10 ಮೆಗಾಹರ್ಟ್ಜ್ ಸಿಗ್ನಲ್ ಕೊಟ್ಟರು, ಅದೂ ಸರಿ. "ಪೂರ್ತಿ ಟೆಸ್ಟ್ ಆಗಿದೆ ಸಾರ್, 18 ಗಿಗಾವರೆಗೂ ಗ್ಯಾರಂಟಿ" ಅಂದರು. ಆಮೇಲೆ ನೋಡಿದರೆ ಮೈಕ್ರೋವೇವ್ ಇನ್‌ಪುಟ್ ಸತ್ತೇ ಹೋಗಿತ್ತು. ಕೇಳಿದರೆ "ನೀವೇ ಜಾಸ್ತಿ ಪವರ್ ಕೊಟ್ಟಿರ್ತೀರಿ" ಅಂತ ನನ್ನ ಮೇಲೇ ಹಾಕಿದರು. ಈಗ ಫೋನೂ ಎತ್ತುವುದಿಲ್ಲ.

ವಿಷಯ ಇಷ್ಟೇ. ಇದರಲ್ಲಿ ಎರಡು ಇನ್‌ಪುಟ್ ಇವೆ. ಬಿಎನ್‌ಸಿ ಅನ್ನುವ ಚಿಕ್ಕ ಕನೆಕ್ಟರ್ ಇರೋದು 500 ಮೆಗಾಹರ್ಟ್ಜ್‌ವರೆಗೆ ಮಾತ್ರ. ಅದರ ಮೇಲಿನದೆಲ್ಲ ಎನ್-ಟೈಪ್ ಅನ್ನುವ ದಪ್ಪ ಕನೆಕ್ಟರ್‌ನಿಂದ ಒಳಗಿನ ಸ್ಯಾಂಪ್ಲರ್‌ಗೆ (ಹೆಚ್ಚಿನ ಫ್ರೀಕ್ವೆನ್ಸಿಯನ್ನು ಎಣಿಸಲು ಆಗುವಷ್ಟಕ್ಕೆ ಇಳಿಸುವ ಭಾಗ) ಹೋಗುತ್ತದೆ. ಅದರಲ್ಲಿರುವ ಡಯೋಡ್‌ಗಳು ಬಹಳ ಸೂಕ್ಷ್ಮ, ಸುಮಾರು 25 ಡಿಬಿಎಂ (ಸಿಗ್ನಲ್ ಪವರ್ ಅಳೆಯುವ ಮಾನ) ದಾಟಿದರೆ ಅಪಾಯ. 5 ವ್ಯಾಟ್‌ನ ವಾಕಿಟಾಕಿ ಹ್ಯಾಂಡ್‌ಸೆಟ್ಟನ್ನು ಯಾರಾದರೂ ನೇರವಾಗಿ ಚುಚ್ಚಿದರೆ 37 ಡಿಬಿಎಂ, ಅಲ್ಲಿಗೆ ಮುಗೀತು. ಸ್ಯಾಂಪ್ಲರ್ ಸುಟ್ಟರೂ ಡಿಸ್‌ಪ್ಲೇ, ಚೆಕ್, ಬಿಎನ್‌ಸಿ ಎಲ್ಲ ಚೆನ್ನಾಗೇ ನಡೆಯುತ್ತಿರುತ್ತವೆ! ಹೊಸ ಸ್ಯಾಂಪ್ಲರ್ ಸಿಗುವುದಿಲ್ಲ, ಇನ್ನೊಂದು ಕೆಟ್ಟ ಕೌಂಟರ್‌ನಿಂದ ಕಿತ್ತು ಹಾಕಬೇಕು, ಅಷ್ಟೇ.

ಹಾಗಾಗಿ ನೋಡಲು ಹೋಗುವಾಗ ಎಚ್‌ಬಿ100 ಅನ್ನುವ ಮೋಷನ್ ಸೆನ್ಸರ್ ಮಾಡ್ಯೂಲ್ ಜೇಬಿನಲ್ಲಿರಲಿ. ಅಗ್ಗದ್ದು. 5 ವೋಲ್ಟ್ ಕೊಟ್ಟರೆ 10.525 ಗಿಗಾಹರ್ಟ್ಜ್ ಆಸುಪಾಸಿನಲ್ಲಿ ನಿಲ್ಲದೆ ಸಿಗ್ನಲ್ ಕೊಡುತ್ತದೆ. ಎನ್ ಕನೆಕ್ಟರ್‌ಗೆ ಒಂದು ಅಡಾಪ್ಟರ್ ಹಾಕಿ, ಅದರ ಪಿನ್ನಿಗೆ 7 ಮಿಲಿಮೀಟರ್ ತಂತಿ ಸಿಕ್ಕಿಸಿ, ಮಾಡ್ಯೂಲನ್ನು ಹತ್ತಿರ ಹಿಡಿಯಿರಿ. ಓದಿತಾ? ಅಷ್ಟಕ್ಕೇ ಒಪ್ಪಬೇಡಿ. ಮಧ್ಯೆ ಸಿಗ್ನಲ್ ಪವರನ್ನು ಹತ್ತನೇ ಒಂದಕ್ಕೆ ಇಳಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ ಮತ್ತೆ ನೋಡಿ, ಯಾಕೆಂದರೆ ಅರ್ಧ ಕೆಟ್ಟ ಸ್ಯಾಂಪ್ಲರ್ ಜೋರಾದ ಸಿಗ್ನಲ್ ಮಾತ್ರ ಓದಿ ಮೋಸ ಮಾಡುತ್ತದೆ. ಆರೋಗ್ಯವಾಗಿದ್ದರೆ ಈ ಫ್ರೀಕ್ವೆನ್ಸಿಯಲ್ಲಿ ಮೈನಸ್ 25 ಡಿಬಿಎಂವರೆಗೂ ಓದಬೇಕು. "ವೈಫೈ ಹಿಡಿದು ತೋರಿಸ್ತೀನಿ" ಅಂದರೆ ಬೇಡ ಅನ್ನಿ. ಅದು ಬಿಟ್ಟು ಬಿಟ್ಟು ಬರುವ ಸಿಗ್ನಲ್, ಒಳ್ಳೆಯ ಕೌಂಟರ್ ಕೂಡ ಅದನ್ನು ಸರಿಯಾಗಿ ಎಣಿಸುವುದಿಲ್ಲ.

ಎನ್ ಕನೆಕ್ಟರ್‌ನ ನಡುವಿನ ಪಿನ್ ಒಳಗೆ ಹೋಗಿದೆಯಾ ಅಂತಲೂ ನೋಡಿ. ಅಮೆರಿಕದಿಂದ ಬಂದ ಮಾಲಾದರೆ ಹಿಂಭಾಗದಲ್ಲಿ ಕರೆಂಟಿನ ವೋಲ್ಟೇಜ್ ಆರಿಸುವ ಕಾರ್ಡ್ 120ರಲ್ಲಿ ಇರಬಹುದು, ಪ್ಲಗ್ ಹಾಕುವ ಮುಂಚೆಯೇ ನೋಡಿಕೊಳ್ಳಿ. ಎಣಿಕೆಗೆ ಆಧಾರವಾದ ಒಳಗಿನ ಆಸಿಲೇಟರ್‌ಗೆ ಒವನ್ (ಬಿಸಿ ಒಂದೇ ಸಮ ಇಡುವ ಪೆಟ್ಟಿಗೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊರಗಿನಿಂದ ನಿಖರವಾದ 10 ಮೆಗಾಹರ್ಟ್ಜ್ ಸಿಗ್ನಲ್ ಕೊಡಿ, ಯಾಕೆಂದರೆ ಆ ಆಧಾರ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ 10 ಗಿಗಾದಲ್ಲಿ 10 ಕಿಲೋಹರ್ಟ್ಜ್ ಆಚೀಚೆ ಆಗುತ್ತದೆ.

ಈ ಮಾಡ್ಯೂಲ್, ಅಟೆನ್ಯುಯೇಟರ್ ಎರಡೂ ನನ್ನ ಹತ್ತಿರ ಇವೆ. ಮೈಸೂರಿನಲ್ಲಿ ಯಾರಾದರೂ ಕೌಂಟರ್ ನೋಡಲು ಹೊರಟಿದ್ದರೆ ಹೇಳಿ, ಕೊಡುತ್ತೇನೆ. ಮಂಡ್ಯದವರಾದರೆ ಭಾನುವಾರ ನಾನೇ ತಗೊಂಡು ಬರುತ್ತೇನೆ.