ಎಂ.ಜಿ. ರಸ್ತೆ ಸಂದಿಯ ಜರ್ಸಿ ಅಂಗಡಿ: 380 ರೂಪಾಯಿ ಬಟ್ಟೆ, 12 ಸಾವಿರದ ಮಾವ

ತುಮಕೂರಿನಲ್ಲಿ ಟೀಮ್ ಜರ್ಸಿ ಎಲ್ಲಿ ಮಾಡಿಸೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಸಂದಿಯೊಂದರಲ್ಲಿರುವ ಅಂಗಡಿ. ಹೆಸರು ಹಾಕುವುದಿಲ್ಲ. ಓನರ್ ಪರಿಚಯದವರು, ಕೆಳಗೆ ಸ್ವಲ್ಪ ಬೈದಿದ್ದೇನೆ, ನಾಳೆ ಮತ್ತೆ ಅವರ ಮುಖ ನೋಡಬೇಕು. ಬಾಗಿಲಿನ ಎರಡೂ ಕಡೆ ಆರ್‌ಸಿಬಿ ಜರ್ಸಿಗಳು ತೋರಣದ ಹಾಗೆ ನೇತಾಡುತ್ತಿರುತ್ತವೆ, 2025ರಲ್ಲಿ ಕಪ್ ಗೆದ್ದ ಮೇಲಂತೂ 18 ಬಿಟ್ಟು ಬೇರೆ ನಂಬರ್ ಇದೆ ಅನ್ನೋದೇ ಜನಕ್ಕೆ ಮರೆತಿದೆ. ಫುಟ್‌ಬಾಲ್ ಜರ್ಸಿ ಬೇಕು ಅಂದರೆ ಒಳಗೆ ಹೋಗಿ, ಕೇರಂ ಬೋರ್ಡುಗಳನ್ನು ದಾಟಿ, ಶಟಲ್ ಬ್ಯಾಟ್ ಸ್ಟ್ಯಾಂಡ್ ಹಿಂದೆ ಬಗ್ಗಬೇಕು.

ನಮ್ಮದು ಸೆವೆನ್ಸ್ ಟೀಮ್. ಭಾನುವಾರ ಬೆಳಿಗ್ಗೆ ಜೂನಿಯರ್ ಕಾಲೇಜು ಮೈದಾನದಲ್ಲಿ ಕ್ರಿಕೆಟ್‌ನವರು ದಯೆ ತೋರಿಸಿ ಬಿಟ್ಟುಕೊಟ್ಟ ಮೂಲೆಯಲ್ಲಿ ಆಡುತ್ತೇವೆ. ಏಳು ಜನ ಆಡುತ್ತಾರೆ, ಇನ್ನೇಳು ಜನ ಸಬ್ ಅಂತ ಹೇಳಿಕೊಂಡು ಫೋಟೋಗೆ ನಿಲ್ಲುತ್ತಾರೆ. ಹಾಗಾಗಿ 14 ಜರ್ಸಿ. ಊರಿನ ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದೆವು. ಹೋದ ವರ್ಷ ಒಬ್ಬೊಬ್ಬರು ಒಂದೊಂದು ನೀಲಿ ಬನಿಯನ್ ಹಾಕಿಕೊಂಡು ಹೋಗಿ ನಗೆಪಾಟಲು ಆಗಿತ್ತು.

ಓನರ್ ಅಣ್ಣ ಎರಡು ಥರ ಬಟ್ಟೆ ತೋರಿಸಿದರು. ಒಂದು ತೆಳು, ಬೆಳಕಿಗೆ ಹಿಡಿದರೆ ಆಚೆ ಕಡೆ ನಿಂತವರ ಮುಖ ಕಾಣುತ್ತದೆ. ಇನ್ನೊಂದು ಡಾಟ್ ನಿಟ್, ಸಣ್ಣ ಸಣ್ಣ ತೂತಿನದು, ಕೈಯಲ್ಲಿ ಹಿಡಿದರೆ ಸ್ವಲ್ಪ ತೂಕ ಇದೆ. ಎರಡನೆಯದನ್ನು ತೆಗೆದುಕೊಂಡೆವು. ಪೂರ್ತಿ ಸಬ್ಲಿಮೇಷನ್ ಪ್ರಿಂಟ್, ಹೆಸರು, ನಂಬರ್ ಎಲ್ಲ ಸೇರಿ ಒಂದಕ್ಕೆ 380. ಸಬ್ಲಿಮೇಷನ್ ಅಂದರೆ ಬಣ್ಣ ಬಟ್ಟೆಯೊಳಗೇ ಇಳಿದುಬಿಡುತ್ತದೆ, ಮೇಲೆ ಅಂಟಿಸಿದ ಸ್ಟಿಕ್ಕರ್ ಅಲ್ಲ, ಆದ್ದರಿಂದ ಸಿಪ್ಪೆ ಏಳುವುದಿಲ್ಲ. 14ಕ್ಕೆ 5,320 ಆಯಿತು. ಚೌಕಾಸಿಗೆ ಬಗ್ಗಲಿಲ್ಲ. "ನೋಡಪ್ಪಾ, ಇದರಲ್ಲಿ ನನಗೆ ಉಳಿಯೋದು ಐವತ್ತು ರೂಪಾಯಿ, ಬೇಕಾದ್ರೆ ಎದೆ ಮೇಲೆ ನನ್ನ ಅಂಗಡಿ ಹೆಸರು ಹಾಕಿಸು, ಇನ್ನೂರು ಕಮ್ಮಿ ಮಾಡ್ತೀನಿ" ಅಂದರು. ಆಗಲೇ ನಮ್ಮ ಕ್ಯಾಪ್ಟನ್ ಎದೆ ಉಬ್ಬಿಸಿ ಹೇಳಿದ, "ಎದೆ ಬುಕ್ ಆಗಿದೆ ಅಣ್ಣಾ."

ಬುಕ್ ಮಾಡಿದ್ದು ಅವನ ಸೋದರಮಾವ. ಬಟವಾಡಿ ಕಡೆ ಹಾರ್ಡ್‌ವೇರ್ ಅಂಗಡಿ ಇದೆ. ಫುಟ್‌ಬಾಲ್‌ನಲ್ಲಿ ಎಷ್ಟು ಜನ ಆಡುತ್ತಾರೆ ಅಂತ ಗೊತ್ತಿಲ್ಲ, ಆದರೆ ಅಳಿಯ ಕೇಳಿದ ಅಂತ 12 ಸಾವಿರ ಎಣಿಸಿ ಕೊಟ್ಟರು. ಜರ್ಸಿ ಹೋಗಿ ಉಳಿದ 6,680ರಲ್ಲಿ ಎಂಟ್ರಿ ಫೀ, ಹೊಸ ಬಾಲ್, ಗೋಲ್‌ಕೀಪರ್ ಗ್ಲೌಸ್, ಆಮೇಲೆ ಕ್ಯಾತ್ಸಂದ್ರದಲ್ಲಿ 14 ಜನಕ್ಕೆ ತಟ್ಟೆ ಇಡ್ಲಿ. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ನಗು. ಯಾಕಂದರೆ ನಮ್ಮ ಕ್ಯಾಪ್ಟನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಫ್ಯಾನ್. ನಾನು ಅದರ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಎಂಟು ವರ್ಷದಿಂದ ನಮ್ಮಿಬ್ಬರ ಜಗಳ ಇದೇ: ಸ್ಪಾನ್ಸರ್ ಅಂದರೆ ಯಾರು, ಮಾವ ಅಂದರೆ ಯಾರು?

ಗೊತ್ತಿಲ್ಲದವರಿಗೆ ಎರಡು ಮಾತು. ಯೂರೋಪಿನ ಫುಟ್‌ಬಾಲ್ ನಡೆಸುವ ಯುಇಎಫ್‌ಎ 2011ರ ಹೊತ್ತಿಗೆ ಫೈನಾನ್ಷಿಯಲ್ ಫೇರ್ ಪ್ಲೇ ಅಂತ ಒಂದು ನಿಯಮ ತಂದಿತು. ನಮ್ಮ ಮಾತಲ್ಲಿ ಹೇಳಬೇಕಂದರೆ ಹಾಸಿಗೆ ಇದ್ದಷ್ಟು ಕಾಲು ಚಾಚು. ಟಿಕೆಟ್, ಟಿವಿ, ಸ್ಪಾನ್ಸರ್ ಇಂಥದ್ದರಿಂದ ಕ್ಲಬ್ ಎಷ್ಟು ಗಳಿಸುತ್ತದೋ ಅದರ ಅಳತೆಯಲ್ಲೇ ಖರ್ಚು ಮಾಡಬೇಕು, ಯಜಮಾನ ಜೇಬಿನಿಂದ ತೆಗೆದು ಸುರಿದು ಆಟಗಾರರನ್ನು ಕೊಳ್ಳುವ ಹಾಗಿಲ್ಲ. ಕಾಲು ಉದ್ದ ಇದ್ದವರು ಏನು ಮಾಡಿದರು? ಹಾಸಿಗೆಗೇ ಜೋಡಣೆ ಹಾಕಿದರು. ಯಜಮಾನ ನೇರವಾಗಿ ಕೊಡದಿದ್ದರೆ ಏನಂತೆ, ಯಜಮಾನನಿಗೆ ಬೇಕಾದ ಕಂಪನಿ ಜರ್ಸಿ ಮೇಲೆ ಹೆಸರು ಹಾಕಿಸಿ ಕೊಡಲಿ. 2011ರಲ್ಲಿ ಅಬುಧಾಬಿ ಸರ್ಕಾರದ ವಿಮಾನ ಕಂಪನಿ ಎತಿಹಾದ್ ಸಿಟಿಗೆ ಹತ್ತು ವರ್ಷಕ್ಕೆ 400 ಮಿಲಿಯನ್ ಪೌಂಡ್ ಕೊಡುತ್ತದೆ ಅಂತ ಸುದ್ದಿಯಾಯಿತು, ಸಿಟಿಯ ಯಜಮಾನರು ಅಬುಧಾಬಿ ರಾಜಮನೆತನದವರು. ಪ್ಯಾರಿಸ್‌ನ ಪಿಎಸ್‌ಜಿಗೆ ಕತಾರ್ ಯಜಮಾನಿಕೆ, ದುಡ್ಡು ಕೊಟ್ಟಿದ್ದು ಕತಾರ್ ಪ್ರವಾಸೋದ್ಯಮ ಇಲಾಖೆ. 2014ರಲ್ಲಿ ಯುಇಎಫ್‌ಎ ಇಬ್ಬರಿಗೂ ತಲಾ 60 ಮಿಲಿಯನ್ ಯೂರೋ ದಂಡ ಹಾಕಿತು, ಅದರಲ್ಲಿ 40 ಮಿಲಿಯನ್ ಶರತ್ತಿನ ಮೇಲೆ ಬಿಟ್ಟಿತು.

ಇಲ್ಲಿ ಬಳಸುವ ಒಂದು ಮಾತಿದೆ, ಫೇರ್ ಮಾರ್ಕೆಟ್ ವ್ಯಾಲ್ಯೂ. ಸಂಬಂಧ ಇಲ್ಲದ ಹೊರಗಿನವನು ಅದೇ ಜಾಗಕ್ಕೆ ಎಷ್ಟು ಕೊಡುತ್ತಿದ್ದ ಅನ್ನೋದು. ನಾನು ಸುಮ್ನೆ ತಮಾಷೆಗೆ ಇದನ್ನು ನಮ್ಮ ಟೀಮ್ ಮೇಲೆ ಪರೀಕ್ಷೆ ಮಾಡಿದೆ. ಅಶೋಕ ರಸ್ತೆಯ ಒಂದು ಬೇಕರಿಗೆ ಹೋಗಿ ಕೇಳಿದೆ, ಎದೆ ಮೇಲೆ ದೊಡ್ಡದಾಗಿ ನಿಮ್ಮ ಹೆಸರು ಹಾಕ್ತೀವಿ, ಎಷ್ಟು ಕೊಡ್ತೀರಾ? ಅವರು ಪಫ್ಸ್ ಕಟ್ಟುತ್ತಲೇ 1,500 ಅಂದರು, ಅದೂ ಫೋಟೋ ಪೇಪರ್‌ನಲ್ಲಿ ಬಂದರೆ. ಅಂದರೆ ನಮ್ಮ ಎದೆಯ ಮಾರುಕಟ್ಟೆ ಬೆಲೆ 1,500. ಮಾವ ಕೊಟ್ಟ ಉಳಿದ 10,500 ಅಳಿಯನ ಮೇಲಿನ ಪ್ರೀತಿ. ಯುಇಎಫ್‌ಎ ಅಕೌಂಟೆಂಟ್ ಬಂದು ಕೂತರೆ ಆ ಪ್ರೀತಿಯನ್ನು ಕೆಂಪು ಪೆನ್ನಲ್ಲಿ ಹೊಡೆದುಹಾಕುತ್ತಾನೆ, ಬಟ್ಟೆಗೇ ದುಡ್ಡು ಸಾಲದು. ಇದನ್ನು ಕ್ಯಾಪ್ಟನ್‌ಗೆ ಹೇಳಿದೆ. "ದುಡ್ಡು ಮಾವಂದು, ಪ್ರೀತಿ ಮಾವಂದು, ನಿನಗ್ಯಾಕೋ ಉರಿ?" ಅಂದ. ಎಂಟು ವರ್ಷದಿಂದ ಸಿಟಿ ಬಗ್ಗೆಯೂ ಅವನದು ಇದೇ ಉತ್ತರ.

ಸರಿ, ಅಂಗಡಿಗೆ ಬರೋಣ. ಆರು ದಿನ ಅಂದಿದ್ದರು, ಒಂಬತ್ತು ದಿನ ತೆಗೆದುಕೊಂಡರು. ಪ್ರಿಂಟ್ ಬೆಂಗಳೂರಿನಲ್ಲಿ ಆಗುತ್ತದಂತೆ, ಇಲ್ಲಿ ಬರೀ ಡಿಸೈನ್. ಟೂರ್ನಮೆಂಟ್‌ಗೆ ಎರಡು ದಿನ ಇರುವಾಗ ಬಂಡಲ್ ಬಂತು. ಬಿಚ್ಚಿ ನೋಡಿದರೆ ಎದೆ ಮೇಲೆ "ಹಾಡ್‌ವೇರ್". ಅರ್ಕಾವತ್ತು ಮಾಯ. ಹದಿನಾಲ್ಕು ಜರ್ಸಿಯಲ್ಲೂ. ವಾಟ್ಸಾಪ್‌ನಲ್ಲಿ ನಾವು ಸರಿಯಾಗಿಯೇ ಕಳಿಸಿದ್ದೆವು, ಅಂಗಡಿ ಕಂಪ್ಯೂಟರಿನ ಹಳೇ ಡಿಸೈನ್ ಸಾಫ್ಟ್‌ವೇರ್‌ಗೆ ಹಾಕಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗಿವೆ, ಅಲ್ಲಿ ಕೂತ ಹುಡುಗ ಮತ್ತೆ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದಾನೆ, ಕೊನೆಯಲ್ಲಿ ಒತ್ತಬೇಕಾದ ಅರ್ಕಾವತ್ತು ಒತ್ತಿಲ್ಲ. ಪ್ರೂಫ್ ಕಳಿಸಿದ್ದರು ಅನ್ನೋದೂ ನಿಜ, ರಾತ್ರಿ ಹನ್ನೊಂದಕ್ಕೆ ನಾನೇ ನೋಡಿ ಹೆಬ್ಬೆರಳು ಒತ್ತಿದ್ದೆ ಅನ್ನೋದೂ ನಿಜ. ಆದರೂ ಅವರದ್ದು ಕಸುಬು, ನನ್ನದಲ್ಲ. ಮಾವ ಜರ್ಸಿ ಹಿಡಿದು ಒಂದು ನಿಮಿಷ ನೋಡಿ, "ನಾನೇನು ಹಾಡು ಮಾರ್ತೀನೇನೋ?" ಅಂದರು.

ಓನರ್ ವಾದ ಮಾಡಲಿಲ್ಲ, ಅದನ್ನು ಮೆಚ್ಚಬೇಕು. ಎರಡು ದಿನದಲ್ಲಿ 14 ಆಗಲ್ಲ, ಏಳು ಮಾಡಿಸಿಕೊಡ್ತೀನಿ, ದುಡ್ಡು ಬೇಡ ಅಂದರು. ಶನಿವಾರ ರಾತ್ರಿ ಬಸ್ಸಿನಲ್ಲಿ ಬಂತು. ಅರ್ಕಾವತ್ತು ಕೂತಿತ್ತು. ಆದರೆ ನೀಲಿ ಬೇರೆ ನೀಲಿ! ಮೊದಲಿನದು ಕಡುನೀಲಿ, ಇದು ಇಂಕಿನ ನೀಲಿ. ಆಡುವ ಏಳು ಜನ ಹಾರ್ಡ್‌ವೇರ್, ಬೆಂಚಿನಲ್ಲಿ ಕೂತವರು ಹಾಡ್‌ವೇರ್.

ಸೈಜ್ ಬಗ್ಗೆ: ಒಂದು ಸೈಜ್ ದೊಡ್ಡದೇ ಹೇಳಿ. ಎಲ್ ಅಂದರೆ ಎಮ್ ಬರುತ್ತದೆ. ಮೂರು ಸಲ ಒಗೆದಿದ್ದೇವೆ, ಬಣ್ಣ ಬಿಟ್ಟಿಲ್ಲ, ಕಾಲರ್ ಮಾತ್ರ ಸ್ವಲ್ಪ ಸುರುಳಿ ಆಗಿದೆ.

ಅಂಗಡಿಯ ಗೋಡೆ ಮೇಲೆ ದೊಡ್ಡ ಕ್ಲಬ್‌ಗಳ ಫಸ್ಟ್ ಕಾಪಿಯೂ ಇದೆ, 450ರಿಂದ 900ರವರೆಗೆ. ನನ್ನ ಹತ್ತಿರ ಯುನೈಟೆಡ್‌ನ ಒರಿಜಿನಲ್ ಒಂದಿದೆ, ಮೊದಲ ಸಂಬಳದಲ್ಲಿ ಐದು ಸಾವಿರದ ಹತ್ತಿರ ಕೊಟ್ಟು ತೆಗೆದುಕೊಂಡಿದ್ದು, ಮನೆಯಲ್ಲಿ ಬೆಲೆ ಇನ್ನೂ ಹೇಳಿಲ್ಲ. ಒಂದು ದಿನ ಬ್ಯಾಗಲ್ಲಿ ತಂದು ಓನರ್ ಅಣ್ಣನ ಕೈಗೆ ಕೊಟ್ಟೆ. ಒಳಗೆ ಹೊರಗೆ ತಿರುಗಿಸಿ, ಹೊಲಿಗೆ ಎಳೆದು, ಬಗಲಿನ ಹತ್ತಿರ ಬೆರಳು ತೂರಿಸಿ ನೋಡಿದರು. "ಬಟ್ಟೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಬಟ್ಟೆಗೆ, ಹೊಲಿಗೆಗೆ ಐನೂರು ಆರ್‌ನೂರರ ಮೇಲೆ ಬೀಳಲ್ಲ. ಮಿಕ್ಕಿದ್ದು ಈ ಮೂರು ಪಟ್ಟಿಗೆ, ಈ ದೆವ್ವಕ್ಕೆ" ಅಂದರು. ದೆವ್ವ ಅಂದರೆ ಯುನೈಟೆಡ್ ಲಾಂಛನ.

ಆ ಮೂರು ಪಟ್ಟಿಯ ಲೆಕ್ಕ ಕೇಳಿ. 2014ರಲ್ಲಿ ಅಡಿಡಾಸ್ ಯುನೈಟೆಡ್ ಜೊತೆ ಹತ್ತು ವರ್ಷಕ್ಕೆ 750 ಮಿಲಿಯನ್ ಪೌಂಡ್ ಒಪ್ಪಂದ ಮಾಡಿಕೊಂಡಿತು. ಆಗಿನ ದರದಲ್ಲಿ ಸುಮಾರು 7,500 ಕೋಟಿ ರೂಪಾಯಿ, ವರ್ಷಕ್ಕೆ 750 ಕೋಟಿ. ನಮ್ಮ 380ರ ಲೆಕ್ಕದಲ್ಲಿ ಆ ಒಂದು ವರ್ಷದ ದುಡ್ಡಿಗೆ ಹತ್ತಿರ ಹತ್ತಿರ ಎರಡು ಕೋಟಿ ಜರ್ಸಿ ಬರುತ್ತದೆ, ಕರ್ನಾಟಕದಲ್ಲಿ ಮೂವರಲ್ಲಿ ಒಬ್ಬರಿಗೆ ಹಂಚಬಹುದು. 2023ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು, ಈ ಸಲ 900 ಮಿಲಿಯನ್ ಪೌಂಡ್. ಕಂಪನಿಯವರೇನು ದಡ್ಡರಲ್ಲ. ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಮೆಂಟ್ ಚಾಂಪಿಯನ್ಸ್ ಲೀಗ್‌ಗೆ ಎರಡು ವರ್ಷ ಸತತವಾಗಿ ಹೋಗದಿದ್ದರೆ ಆ ವರ್ಷದ ದುಡ್ಡಲ್ಲಿ 30 ಪರ್ಸೆಂಟ್ ಕಡಿತ ಅಂತ ಮೊದಲ ಒಪ್ಪಂದದಲ್ಲೇ ಬರೆಸಿದ್ದರು. ಆಮೇಲೆ, ಜರ್ಸಿ ಮಾರಿಯೇ ಆಟಗಾರನ ದುಡ್ಡು ವಾಪಸ್ ಬರುತ್ತೆ ಅಂತ ಹೇಳುವವರಿದ್ದಾರಲ್ಲ, ಹಾಗೆಲ್ಲ ಏನೂ ಇಲ್ಲ. ಜರ್ಸಿ ಮಾರುವುದು ಕಂಪನಿ, ಕ್ಲಬ್‌ಗೆ ಸಿಗುವುದು ಅದರಲ್ಲಿ ಒಂದು ಪಾಲು. 2020ರಲ್ಲಿ ಲಿವರ್‌ಪೂಲ್ ನೈಕಿ ಜೊತೆ ವರ್ಷಕ್ಕೆ 30 ಮಿಲಿಯನ್ ಪೌಂಡ್, ಮೇಲೆ ಮಾರಾಟದಲ್ಲಿ 20 ಪರ್ಸೆಂಟ್ ಅಂತ ಮಾಡಿಕೊಂಡಾಗ ಅದನ್ನೇ ದೊಡ್ಡ ಪಾಲು ಅಂದರು.

ಈಗ ನನ್ನ ಹೊಟ್ಟೆಯೊಳಗಿನ ಮಾತು. ಸಿಟಿಯನ್ನು ಬೈಯುವುದು ನನಗೆ ಇಷ್ಟ, ನಿಜ. ಆದರೆ ಈ ನಿಯಮದಿಂದ ಲಾಭ ಯಾರಿಗೆ? ನಮ್ಮಂಥವರಿಗೇ. ಗಳಿಕೆ ಇದ್ದಷ್ಟು ಖರ್ಚು ಅಂದರೆ, ಗಳಿಕೆ ಮೊದಲೇ ಇದ್ದವನಿಗೆ ಹಬ್ಬ. ಯುನೈಟೆಡ್‌ದು ಅಜ್ಜನ ಕಾಲದ ದೊಡ್ಡ ಮಂಚ, ಎಷ್ಟು ಚಾಚಿದರೂ ಕಾಲು ಹೊರಗೆ ಬರುವುದಿಲ್ಲ. 2005ರಲ್ಲಿ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡು, ಆ ಸಾಲವನ್ನು ಕ್ಲಬ್ ತಲೆಗೇ ಕಟ್ಟಿತು, ಅದನ್ನು ತಡೆಯುವ ನಿಯಮ ಯಾವುದೂ ಇರಲಿಲ್ಲ. ಹೊಸದಾಗಿ ಬೆಳೆಯಬೇಕು ಅನ್ನುವ ಕ್ಲಬ್‌ಗೆ ಮಾವನೂ ಬೇಡ ಅಂದರೆ ಇನ್ಯಾರು ಕೊಡುತ್ತಾರೆ? ಬೇಕರಿಯವರ 1,500ರಲ್ಲಿ ಟೀಮ್ ಕಟ್ಟೋಕಾಗುತ್ತಾ? ಇದನ್ನು ಕ್ಯಾಪ್ಟನ್ ಎದುರು ಮಾತ್ರ ಒಪ್ಪಿಕೊಳ್ಳುವುದಿಲ್ಲ.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ಕಡೆ. ಸಿಟಿ, ಯುನೈಟೆಡ್ ಎಲ್ಲ ಆಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ 105 ಮಿಲಿಯನ್ ಪೌಂಡ್ ತನಕ ನಷ್ಟ ಮಾಡಬಹುದು ಅಂತ ಮಿತಿ ಇತ್ತು. ಎವರ್ಟನ್ ಕ್ಲಬ್ ಅದನ್ನು ಮೀರಿತು. 2023ರ ಮಾರ್ಚ್‌ನಲ್ಲಿ ಆರೋಪ, ಅದೇ ನವೆಂಬರ್‌ನಲ್ಲಿ ಹತ್ತು ಪಾಯಿಂಟ್ ಕಟ್. ಅಪೀಲಿನಲ್ಲಿ ಆರಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಕೇಸಿನಲ್ಲಿ ಮತ್ತೆ ಎರಡು ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ನಾಲ್ಕು. ಸಿಟಿ ಮೇಲೆ ಲೀಗ್‌ನ ದುಡ್ಡಿನ ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಬಂದಿದ್ದು ಎವರ್ಟನ್‌ಗಿಂತ ಒಂದು ತಿಂಗಳು ಮೊದಲು, ವಿಚಾರಣೆ ಶುರುವಾಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಸಿಟಿ ಎಲ್ಲವನ್ನೂ ಅಲ್ಲಗಳೆದಿದೆ, ಅದು ಅವರ ಹಕ್ಕು. ಹಿಂದೆ 2020ರಲ್ಲಿ ಯುಇಎಫ್‌ಎ ಎರಡು ವರ್ಷ ಬ್ಯಾನ್ ಹಾಕಿದಾಗಲೂ ಕ್ರೀಡಾ ನ್ಯಾಯಮಂಡಳಿ ಅದನ್ನು ತೆಗೆದುಹಾಕಿ ದಂಡವನ್ನು 30ರಿಂದ 10 ಮಿಲಿಯನ್ ಯೂರೋಗೆ ಇಳಿಸಿತ್ತು, ಕೆಲವು ಆರೋಪ ಸಾಬೀತಾಗಿಲ್ಲ, ಕೆಲವಕ್ಕೆ ಅವಧಿ ಮೀರಿದೆ ಅಂತ. ದೊಡ್ಡ ವಕೀಲರನ್ನು ಇಡೋಕೆ ದುಡ್ಡಿರಬೇಕು ಅಲ್ವಾ, ಅದಕ್ಕೆ ಮಿತಿ ಹಾಕಿದವರಿಲ್ಲ.

ಅಷ್ಟು ದೂರ ಯಾಕೆ. 2010ರಲ್ಲಿ ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿಗೆ ಕೊಟ್ಟಿತ್ತು. ಇಡೀ ಭಾರತದ ಫುಟ್‌ಬಾಲ್, ಹದಿನೈದು ವರ್ಷ, ಯುನೈಟೆಡ್‌ಗೆ ಬಟ್ಟೆ ಹೊಲಿಯುವವರು ಒಂದು ವರ್ಷಕ್ಕೆ ಕೊಡುವುದಕ್ಕಿಂತ ಕಮ್ಮಿ. ಆ ಒಪ್ಪಂದ ಮುಗಿಯುವ ಹೊತ್ತಿಗೆ ಮುಂದೇನು ಅಂತ ತೀರ್ಮಾನ ಆಗದೆ 2025ರಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ಕಂಠೀರವಕ್ಕೆ ಹೋಗಿ ಗಂಟಲು ಹರಿಯುವ ಹಾಗೆ ಕೂಗಿದವರು ನಾವು. ಆ ವಾರ ಓನರ್ ಅಣ್ಣ ಬಿಎಫ್‌ಸಿ ಜರ್ಸಿಗಳನ್ನು ಎತ್ತಿ ಒಳಗಿಟ್ಟು ಆ ಮೊಳೆಗೂ ಆರ್‌ಸಿಬಿ ಹಾಕಿದರು.

ಟೂರ್ನಮೆಂಟ್ ಕಥೆ ಜಾಸ್ತಿ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಎದುರು ಟೀಮ್‌ಗೆ ಒಬ್ಬ ಸೈಟ್ ವ್ಯಾಪಾರಿ ಸ್ಪಾನ್ಸರ್, ಬೆಂಗಳೂರಿನಿಂದ ಮೂವರು ಬಾಡಿಗೆ ಆಟಗಾರರು. 4-0. ನಮ್ಮ ಕ್ಯಾಪ್ಟನ್ ಕಮಿಟಿಯವರ ಹತ್ತಿರ ಹೋಗಿ, ದುಡ್ಡಿದೆ ಅಂತ ಹೊರಗಿನವರನ್ನು ತರೋದು ಎಲ್ಲಿಯ ನ್ಯಾಯ ಸಾರ್ ಅಂತ ಹತ್ತು ನಿಮಿಷ ಕೂಗಾಡಿದ. ನಾನು ಪಕ್ಕದಲ್ಲಿ ನಿಂತು ನೀರು ಕುಡಿಯುತ್ತಿದ್ದೆ. ಒಂದು ಮಾತೂ ಆಡಲಿಲ್ಲ, ಆಣೆ.

ಅಂಗಡಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಕಾವತ್ತಿಗೆ ಒಂದು ಕಟ್, ನೀಲಿಗೆ ಅರ್ಧ. ಹೋಗುವವರು ಕನ್ನಡದ ಹೆಸರನ್ನು ಮೆಸೇಜಿನಲ್ಲಿ ಟೈಪ್ ಮಾಡಿ ಕಳಿಸಬೇಡಿ, ಚಿತ್ರ ಮಾಡಿ ಕೊಡಿ, ಪ್ರೂಫನ್ನು ಬೆಳಕಿದ್ದಾಗ ನೋಡಿ. ಎಲ್ಲ ಜರ್ಸಿ ಒಂದೇ ಸಲ ಪ್ರಿಂಟ್ ಆಗಲಿ. ಮುಂದಿನ ವರ್ಷಕ್ಕೂ ಇಲ್ಲೇ ಹೇಳಿದ್ದೇವೆ. ಮಾವನೂ 12 ಸಾವಿರಕ್ಕೆ ಒಪ್ಪಿದ್ದಾರೆ, ಅಂಗಡಿಯ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಸಿಕೊಂಡು ಅಳಿಯನ ಸಹಿ ಹಾಕಿಸಿಕೊಂಡಿದ್ದಾರೆ: ಸೆಮಿಫೈನಲ್‌ಗೆ ಬರದಿದ್ದರೆ ಮೂರು ಸಾವಿರ ವಾಪಸ್.